ಪಟೇಲನ ಸುಣ್ಣದ ಡಬ್ಬಿ

ದಾವಣಗೆರೆ
15 ಜೂನ್ 2025, ಭಾನುವಾರ

ಹಾಲಮ್ಮನವರಿಗೆ,

ನಮಸ್ಕಾರ. ಈ ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಭಾನುವಾರ ಆಫೀಸಿನ ಫೋನಿನಲ್ಲಿ ಮಾತಾಡಲು ಬಿಡುತ್ತಾರೆ. ಅಪ್ಪ "ಊಟ ಆತಾ, ಓದ್ತಿದೀಯಾ" ಎಂದು ಕೇಳಿ ಮುಗಿಸುವಷ್ಟರಲ್ಲಿ ವಾರ್ಡನ್ ನಿಖತ್ ಮೇಡಂ ರಿಸೀವರಿಗೆ ಕೈ ಚಾಚಿರುತ್ತಾರೆ. ಅದಕ್ಕೇ ಈ ಕಾಗದ. ಪ್ರತಿ ಸೋಮವಾರ ಅಂಗಡಿ ಸಾಮಾನಿಗೆ ಅಪ್ಪ ದಾವಣಗೆರೆಗೆ ಬರುತ್ತಾರಲ್ಲ, ಅವರ ಕೈಲಿ ಕಳಿಸುತ್ತೇನೆ.

ನಿಮಗೆ ಕೆಲಸ ಹೇಳಲು ನನಗೆ ಮುಜುಗರ. ಅಪ್ಪನನ್ನು ಮದುವೆಯಾಗಿ ನೀವು ಮನೆಗೆ ಬಂದು ಎಂಟು ತಿಂಗಳಾಯಿತು. ನಾವಿಬ್ಬರೂ "ಸಾರು ಹಾಕ್ಲಾ", "ಸಾಕು" ಬಿಟ್ಟು ಬೇರೆ ಮಾತಾಡಿಲ್ಲ. ಆದರೆ ನನ್ನ ಗೋಸುಂಬೆ ಪಟೇಲನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಹುಳ ಕಂಡರೆ ಅಪ್ಪ ಮಂಚ ಹತ್ತುತ್ತಾರೆ. ಅಜ್ಜಿ "ಲಿಂಗಪೂಜೆ ಮಾಡೋ ಕೈಲಿ ಹುಳ ಮುಟ್ಟಂಗಿಲ್ಲ" ಅನ್ನುತ್ತಾರೆ. ನಿಮ್ಮ ಮಗಳು ಸ್ನೇಹಾ ಇನ್ನೂ ಮೂರನೇ ಕ್ಲಾಸು.

ಪಟೇಲ ನಮ್ಮ ಬೇಲಿ ಮೇಲಿನ ಗೋಸುಂಬೆ ಅಲ್ಲ, ಅದನ್ನು ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ. ಇವನು ಯೆಮೆನ್ ದೇಶದ ಜಾತಿಯವನು. ಹೋದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಬಸವಪ್ರಭು ಮಾಮ ಕೊಡಿಸಿ, ಅರಣ್ಯ ಇಲಾಖೆಯಲ್ಲಿ ನೋಂದಣಿಯನ್ನೂ ಮಾಡಿಸಿದ್ದಾರೆ. ತಲೆ ಮೇಲೆ ರುಮಾಲು ಸುತ್ತಿದ ಹಾಗೆ ಎತ್ತರ ಇದೆ ನೋಡಿ, ಅದಕ್ಕೇ ಪಟೇಲ.

ಬೆಳಿಗ್ಗೆ ಎದ್ದ ತಕ್ಷಣ ಗೂಡಿನ ಎರಡೂ ಲೈಟು ಹಾಕಿ. ಅವನು ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆ ಮೇಲೆ ಹನಿ ನಿಲ್ಲುವ ಹಾಗೆ ಸ್ಪ್ರೇ ಮಾಡಬೇಕು. ದಿನ ಬಿಟ್ಟು ದಿನ, ಡಬ್ಬದಲ್ಲಿ ಚೀರುವ ಚಿಮ್ಮಂಡೆ ಹುಳ ಆರೇಳು. ಆ ಹುಳಗಳಿಗೆ ಹಿಂದಿನ ದಿನವೇ ಕ್ಯಾರೆಟ್ಟು, ನುಗ್ಗೆ ಸೊಪ್ಪು ಹಾಕಿರಬೇಕು. ಹುಳ ಏನು ತಿಂದಿರುತ್ತದೋ ಅದೇ ಪಟೇಲನ ಊಟ. ಮುಖ್ಯವಾದ ಮಾತು: ಸುಣ್ಣ ಹಚ್ಚದೆ ಹುಳ ಕೊಡಬೇಡಿ. ಸುಣ್ಣ ಕಡಿಮೆಯಾದರೆ ಅವನ ಮೂಳೆ ಬಾಗುತ್ತದೆ. ಬಿಳಿ ಡಬ್ಬಿಯಲ್ಲಿದೆ. ಕವರಿನಲ್ಲಿ ಹುಳ ಬಿಟ್ಟು, ಚಿಟಿಕೆ ಹಾಕಿ, ಮಂಡಕ್ಕಿಗೆ ಖಾರದ ಪುಡಿ ಹಚ್ಚಿದ ಹಾಗೆ ಅಲುಗಾಡಿಸಿ. ಕೆಂಪು ಮುಚ್ಚಳದ್ದು ವಿಟಮಿನ್, ತಿಂಗಳಿಗೆ ಎರಡೇ ಸಲ. ಹೆಚ್ಚಾದರೆ ಕಣ್ಣು ಊದುತ್ತದೆ.

ದಯವಿಟ್ಟು ಮರೆಯಬೇಡಿ.

ಇಂತಿ,
ತನುಶ್ರೀ ಎನ್.

*

ಹರಿಹರ
23 ಜೂನ್ 2025

ಚಿ. ತನುಶ್ರೀಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ, ಯಾವುದೋ ದೊಡ್ಡ ಮನೆಯ ಬೀಗರು ಬಂದು ಇಳಿದಿದ್ದಾರೇನೋ ಅನ್ನಿಸಿತು. ನಾನು ಹುಟ್ಟಿದಾಗಿನಿಂದ ನನ್ನ ಊಟಕ್ಕೆ ಇಷ್ಟು ಯೋಚನೆ ಯಾರೂ ಮಾಡಿಲ್ಲ ಬಿಡು. ಪಟೇಲ ಅಂತ ಬರಿಯ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಬರಲಿಲ್ಲ, ಪಟೇಲ್ರು ಅನ್ನುತ್ತೇನೆ.

ಮೊದಲನೇ ದಿನ ಕವರು ಅಲುಗಾಡಿಸಿದ್ದು ಜೋರಾಯಿತು. ಕವರಿನ ಬಾಯಿ ಬಿಚ್ಚಿ ಮೂರು ಹುಳ ನಡುಮನೆಗೆ ಹಾರಿದವು. ನಿಮ್ಮಪ್ಪ ಮಂಚದ ಮೇಲೆ, ಸ್ನೇಹಾ ಮಂಚದ ಕೆಳಗೆ. "ಹಿಡೀರಿ, ಅಲ್ಲೇ ಕಾಲತ್ರ ಐತೆ" ಅಂದರೆ "ನೀನೇ ಹಿಡಿ ಮಾರಾಯ್ತಿ, ನನಗೆ ಬಿ.ಪಿ. ಐತೆ" ಅಂದರು. ಎರಡು ಸಿಕ್ಕವು. ಮೂರನೇದು ಅತ್ತೆಯವರ ಪೂಜೆ ಕೋಣೆ ಸೇರಿ ರಾತ್ರಿಯೆಲ್ಲಾ ಚೀರ್ ಅಂದಿತು. ಬೆಳಿಗ್ಗೆ ಅತ್ತೆ, "ಏನ್ ಕಾಲ ಬಂತವ್ವ, ನನ್ನ ಮಂತ್ರಕ್ಕೆ ಹುಳ ತಾಳ ಹಾಕ್ತೈತೆ" ಅಂದರು. ನಗಬಾರದಿತ್ತು, ನಕ್ಕುಬಿಟ್ಟೆ. ಅವರೂ ನಕ್ಕರು.

ಇನ್ನೊಂದು ರಗಳೆ ಕೇಳು. ಚಿಮ್ಮಂಡೆ ಡಬ್ಬದಲ್ಲಿ ಮೊಟ್ಟೆ ಇಡುವ ಕಾಗದದ ಟ್ರೇ ಇಟ್ಟಿದ್ದೀಯಲ್ಲ, ಅದು ನೆನೆದು ಹರಿದಿತ್ತು. ಹೊಸದು ಬೇಕು. ನಮ್ಮಂಥವರ ಮನೆಗೆ ಮೊಟ್ಟೆ ಟ್ರೇ ತಂದರೆ ಓಣಿ ಏನು ಅಂದೀತು? ಹಿಂದಿನ ಮನೆ ಶಾಹಿಸ್ತಾ ಅವರನ್ನು ಕೇಳಿದೆ. ಪಾಪ, ಪೇಪರಿನಲ್ಲಿ ಸುತ್ತಿ ಕಾಂಪೌಂಡ್ ಮೇಲಿಂದ ಕೊಟ್ಟರು. ಇಬ್ಬರೂ ಕಳ್ಳಮಾಲು ಸಾಗಿಸಿದ ಹಾಗೆ ಅತ್ತಿತ್ತ ನೋಡಿದೆವು.

ಪಟೇಲ್ರಿಗೆ ಮಾತ್ರ ನಾನು ಹಿಡಿಸಿಲ್ಲ. ಸ್ನೇಹಾ ಹೋದರೆ ಹಸಿರಾಗಿರುತ್ತಾರೆ, ನಾನು ಹೋದರೆ ಕಪ್ಪಗಾಗಿ ಎಲೆ ಹಿಂದೆ ಸರಿಯುತ್ತಾರೆ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಬಾಗಿಲ ಮೇಲೆ. ನಾನು ಬಾಗಿಲಾಚೆ ಹೋದಮೇಲೇ ಊಟ. ನಾನು ಏನು ತಪ್ಪು ಮಾಡುತ್ತಿದ್ದೇನೆ, ಬರಿ.

ಚಟ್ನಿಪುಡಿ ಕಳಿಸಿದ್ದೇನೆ. ಅದು ನಿನಗೆ, ಹುಳಕ್ಕೆ ಹಚ್ಚಲಿಕ್ಕಲ್ಲ.

ಹಾಲಮ್ಮ

*

ದಾವಣಗೆರೆ
6 ಜುಲೈ 2025

ಹಾಲಮ್ಮನವರಿಗೆ,

ಅಪ್ಪ ಮಂಚ ಹತ್ತಿದ್ದನ್ನು ಓದಿ ಜೋರಾಗಿ ನಕ್ಕೆ. ಸ್ಟಡಿ ಅವರ್‌ನಲ್ಲಿ ನಕ್ಕಿದ್ದಕ್ಕೆ ನಿಖತ್ ಮೇಡಂ ನನ್ನನ್ನು ಹೊರಗೆ ನಿಲ್ಲಿಸಿದರು. ಚಟ್ನಿಪುಡಿ ರೂಮಿನವರೆಲ್ಲಾ ಸೇರಿ ಖಾಲಿ ಮಾಡಿದೆವು. ಇಲ್ಲಿಯ ಉಪ್ಪಿಟ್ಟಿಗೆ ಅದೊಂದೇ ಔಷಧಿ.

ನೀವು ಏನೂ ತಪ್ಪು ಮಾಡುತ್ತಿಲ್ಲ. ಕಪ್ಪಾಗುವುದು ಸಿಟ್ಟಿಗಲ್ಲ, ಗುರುತಿಲ್ಲದ್ದಕ್ಕೆ. ಅವನನ್ನೇ ದಿಟ್ಟಿಸಬೇಡಿ. ಗೂಡಿನ ಹತ್ತಿರ ಕೂತು ಸೊಪ್ಪು ಬಿಡಿಸಿ, ಅಕ್ಕಿ ಆರಿಸಿ, ನಿಮ್ಮ ಪಾಡಿಗೆ ಇರಿ. ನಾನೂ ಮೊದಮೊದಲು ಹಾಗೇ ಹೋಂವರ್ಕ್ ಮಾಡುತ್ತಾ ಕೂರುತ್ತಿದ್ದೆ. ಒಂದು ದಿನ ಅವನೇ ಹಸಿರಾಗುತ್ತಾನೆ. ಎರಡು ಕಣ್ಣು ಎರಡು ಕಡೆ ಇದ್ದರೆ ಅವನಿನ್ನೂ ಯೋಚಿಸುತ್ತಿದ್ದಾನೆ ಅಂತ. ಎರಡೂ ಒಂದೇ ಕಡೆ ತಿರುಗಿದವೋ, ನಾಲಿಗೆ ಹೊರಟಿತು ಅಂತಲೇ ಲೆಕ್ಕ.

ಬಿಳಿ ಡಬ್ಬಿ ತಳ ಕಂಡಿರಬೇಕು. ಮುಗಿದರೆ ಅಜ್ಜಿಯನ್ನು ಕೇಳಿ, ಸುಣ್ಣದ ಡಬ್ಬಿ ಅವರ ಹತ್ತಿರ ಇದೆ.

ಮೊಟ್ಟೆ ಟ್ರೇ ತಂದುಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ಇಂತಿ,
ತನುಶ್ರೀ

*

ಹರಿಹರ
21 ಜುಲೈ 2025

ಚಿ. ತನುಶ್ರೀಗೆ,

ಸುದ್ದಿ ಅಂದರೆ ಸುದ್ದಿ! ಪಟೇಲ್ರು ಹಸಿರಾದರು!

ನೀನು ಹೇಳಿದ ಹಾಗೆ ಗೂಡಿನ ಪಕ್ಕ ಕೂತು ಅಲಸಂದೆ ಕಾಳು ಸುಲಿಯುತ್ತಿದ್ದೆ. ಅವರ ಕಡೆ ತಿರುಗಿಯೂ ನೋಡಲಿಲ್ಲ, ಬಿಂಕ ಮಾಡಿದೆ. ಸ್ನೇಹಾ ಮೆಲ್ಲಗೆ "ಅವ್ವಾ, ನೋಡಬ್ಯಾಡ, ಆದ್ರೂ ನೋಡು" ಅಂದಳು. ಎಳೆ ಬಾಳೆ ಎಲೆ ಬಣ್ಣ, ಮೇಲೆ ಹಳದಿ ಪಟ್ಟಿ. ನಾನು ಚಿಮಟದಲ್ಲಿ ಹುಳ ಹಿಡಿದೆ. ನಾಲಿಗೆ ಬಂದು ಹೋದದ್ದೇ ಗೊತ್ತಾಗಲಿಲ್ಲ, ಚಿಮಟ ಬರಿದಾಗಿತ್ತು. ನನ್ನ ಕೈಯಿಂದ ತಿಂದರು ಕಣೇ! ಹದಡಿ ಊರಲ್ಲಿರುವ ನಮ್ಮವ್ವನಿಗೆ ಫೋನ್ ಮಾಡಿ ಹೇಳಿದೆ. "ಗೋಸುಂಬೆ ಉಂಡಿದ್ದಕ್ಕೆ ಫೋನ್ ಮಾಡ್ತಾರೇನೇ, ನಾನು ಏನಾತೋ ಅಂತ ಎದೆ ಒಡಕಂಡೆ" ಅಂತ ಬೈದಳು.

ಬಿಳಿ ಡಬ್ಬಿ ಇವತ್ತಿಗೆ ಮುಗಿಯಿತು. ಅತ್ತೆಯವರನ್ನು ಕೇಳಿದೆ, ಭಾಳ ಖುಷಿಯಿಂದ ಕೊಟ್ಟರು. ನಾಳೆಯಿಂದ ಅದೇ.

ನಿನ್ನ ಕಾಗದದಲ್ಲಿ ಓದಿನ ಸುದ್ದಿಯೇ ಇರುವುದಿಲ್ಲ. ಓದುತ್ತಿದ್ದೀ ತಾನೇ?

ಹಾಲಮ್ಮ

*

ಹರಿಹರ
4 ಆಗಸ್ಟ್ 2025

ಚಿ. ತನುಶ್ರೀಗೆ,

ಹೋದ ವಾರ ಬರೆಯಲಾಗಲಿಲ್ಲ, ಕೆಲಸ. ನಾಡಿದ್ದು ನಿನ್ನ ಟೆಸ್ಟ್ ಮುಗಿಯುತ್ತದಂತೆ, ನಿಮ್ಮಪ್ಪ ಹೇಳಿದರು. ಚೆನ್ನಾಗಿ ಬರಿ. ಮನೆಯಲ್ಲಿ ಎಲ್ಲರೂ ಇದ್ದೇವೆ. ಉಂಡೆ ಕಳಿಸಿದ್ದೇನೆ.

ಹಾಲಮ್ಮ

(ಉಂಡೆ ಡಬ್ಬಿಯೊಳಗೆ, ಕಾಪಿ ಪುಸ್ತಕದ ಹರಿದ ಹಾಳೆಯಲ್ಲಿ:)

ತನು ಅಕ್ಕಾ ಪಟೇಲ ಕಣ್ಣೇ ಬಿಡ್ತಿಲ್ಲ. ಕಪ್ಪಗೆ ಆಗ್ಯಾನ. ಅಜ್ಜಿ ಸುಣ್ಣ ತಿಂದು ಬಾಯಿ ಸುಟ್ಟೈತೆ. ಅವ್ವ ಹಚ್ಚಿ ಕೊಟ್ಟಿದ್ದು. ನಿಂಗೆ ಹೇಳಬ್ಯಾಡ ಅಂದಾರ. ನಾನು ಹೇಳಿಲ್ಲ ಬರದೀನಿ ಅಷ್ಟೇ. ಸ್ನೇಹಾ

*

ದಾವಣಗೆರೆ
5 ಆಗಸ್ಟ್ 2025

ಹಾಲಮ್ಮನವರಿಗೆ,

ಸೋಮವಾರದವರೆಗೆ ಕಾಯಲಾರೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಕ್ಲಾಸಿನ ಫಿಜಾ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಪಟೇಲನಿಗೆ ಎಲೆಅಡಿಕೆ ಸುಣ್ಣ ಕೊಟ್ಟಿದ್ದೀರಿ. ನಿಮ್ಮ ನಾಲಿಗೆಗೆ ಅದನ್ನು ಬರಿದೇ ಹಚ್ಚಿಕೊಂಡು ನೋಡಿದ್ದೀರಾ? ಪಟೇಲನ ನಾಲಿಗೆ ಅವನ ಕೈ ಇದ್ದ ಹಾಗೆ. ಅದು ಹೋದರೆ ಅವನು ಬದುಕುವುದಿಲ್ಲ. ಅದನ್ನು ನನ್ನಿಂದ ಮುಚ್ಚಿಟ್ಟು ಉಂಡೆ ಕಳಿಸಿದ್ದೀರಿ.

ನಿಮ್ಮ ಮದುವೆಯ ದಿನ ಸೋದರತ್ತೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಸ್ವಂತ ಮಗಳನ್ನ ಕಟ್ಕಂಡು ಬರ್ತಿದಾಳೆ, ನೋಡ್ತಿರು. ಅದರ ಕಣ್ಣಿಗೆ ಬೆಣ್ಣೆ, ನಿನ್ನ ಕಣ್ಣಿಗೆ ಸುಣ್ಣ." ನಾನು ಅವತ್ತು ಅವರ ಮೇಲೆ ಸಿಟ್ಟಾಗಿದ್ದೆ. ಅವರು ಹೇಳಿದ್ದೇ ಸರಿ ಅನ್ನಿಸುತ್ತಿದೆ.

ಪಟೇಲ ಬದುಕಿದ್ದಾನಾ ಇಲ್ಲವಾ, ಅಷ್ಟು ತಿಳಿಸಿ.

ತನುಶ್ರೀ

*

ಹರಿಹರ
6 ಆಗಸ್ಟ್ 2025

ತನುಶ್ರೀ,

ಬದುಕಿದ್ದಾರೆ. ಅದನ್ನು ಮೊದಲು ಓದಿಕೊಂಡು, ನೀರು ಕುಡಿದು, ಆಮೇಲೆ ಮಿಕ್ಕಿದ್ದು ಓದು.

ಸುಣ್ಣದ ಡಬ್ಬಿ ಕೊಡಿರಿ ಅಂದಾಗ ಅತ್ತೆ ಎಲೆಅಡಿಕೆ ಚೀಲದಿಂದ ತಮ್ಮ ಡಬ್ಬಿ ತೆಗೆದುಕೊಟ್ಟರು. "ಎಲ್ಲಾರೂ ಎಲಿ ತಿನ್ನಬ್ಯಾಡ ಅಂತ ನನಗೇ ಬಯ್ತೀರಿ, ಕಡೀಗೂ ನನ್ನ ಸುಣ್ಣಕ್ಕೆ ಬೆಲೆ ಬಂತು" ಅಂತ ಹಿಗ್ಗಿದರು. ಇಷ್ಟು ದಿನ ಪುಡಿ ಇತ್ತು, ಈಗ ಮೆತ್ತಗಿನದು ಬಂತಲ್ಲ ಅನ್ನಿಸಿತು. ಬೇರೆ ಕಂಪನಿಯದು ಇರಬೇಕು ಅಂದುಕೊಂಡೆ. ಎಲೆಗೆ ಹಚ್ಚುವ ಹಾಗೆ ಬೆರಳ ತುದಿಯಿಂದ ಹುಳದ ಬೆನ್ನಿಗೆ ಹಚ್ಚಿದೆ. ನನ್ನ ಕೈಯಿಂದ ತಿನ್ನಲು ಶುರು ಮಾಡಿದ್ದರಲ್ಲ, ನಂಬಿ ತಿಂದರು. ಎರಡನೇ ಹುಳಕ್ಕೇ ಬಾಯಿ ತೆರೆದು ತಲೆ ಕೊಡವಿದರು, ಮೈಯೆಲ್ಲಾ ಕಪ್ಪಾಯಿತು.

ಮಂಡಕ್ಕಿ ಬುಟ್ಟಿಗೆ ದಾಸವಾಳದ ಟೊಂಗೆ ಸಿಕ್ಕಿಸಿ, ಅದರ ಮೇಲೆ ಅವರನ್ನು ಕೂರಿಸಿ, ಸೆರಗು ಮುಚ್ಚಿ ದಾವಣಗೆರೆ ಬಸ್ಸು ಹತ್ತಿದೆ. ಕಂಡಕ್ಟರು "ಏನಮ್ಮ ಅದು, ಕೋಳೀನಾ? ಲಗೇಜ್ ಆಗ್ತದೆ" ಅಂದ. "ಅಲ್ಲಪ್ಪ, ಪಟೇಲ್ರು" ಅಂದೆ. ಸೆರಗು ಸರಿಸಿ ನೋಡಿದವನು ಡ್ರೈವರ್ ಹತ್ತಿರ ಹೋಗಿ ನಿಂತ, ಮತ್ತೆ ಈ ಕಡೆ ಬರಲಿಲ್ಲ.

ಪಶು ಡಾಕ್ಟರು ಅಂಜನ್ ಕುಮಾರ್ ಅಂತ, ಚಿಕ್ಕ ವಯಸ್ಸು. "ನಾನು ಎಮ್ಮೆ ನಾಯಿ ನೋಡೋನು ಕಣಮ್ಮ" ಅಂತ ಮೊದಲೇ ಹೇಳಿದರು. ಆದರೂ ಕೈ ಬಿಡಲಿಲ್ಲ. ಬೆಂಗಳೂರಿನ ಗೆಳೆಯರಿಗೆ ವಿಡಿಯೋ ಕಾಲ್ ಮಾಡಿ, ಅವರು ಹೇಳಿದಂತೆ ಬಾಯಿ ತೊಳೆದು ಔಷಧಿ ಹಾಕಿದರು. "ಜೀವಕ್ಕೇನೂ ಇಲ್ಲ. ನಾಲಿಗೆ ಮೊದಲಿನಂತೆ ಹೊರಡ್ತೈತೋ ಇಲ್ಲವೋ ಹೇಳೋಕೆ ಬರಲ್ಲ" ಅಂದರು. ಅವತ್ತಿನಿಂದ ಬೇಯಿಸಿ ಅರೆದ ಕುಂಬಳಕಾಯಿ, ಡಾಕ್ಟರು ಕೊಟ್ಟ ಪುಡಿ, ಔಷಧಿ ಎಲ್ಲಾ ಸಿರಿಂಜಿನಲ್ಲಿ ಹನಿಹನಿ ಬಿಡುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡೇ ನುಂಗುತ್ತಾರೆ.

ಅವತ್ತು ಡಾಕ್ಟರ ಹತ್ತಿರದಿಂದ ಸೀದಾ ನಿನ್ನ ಹಾಸ್ಟೆಲಿಗೆ ಬಂದೆ. ನಿನಗೆ ಹೇಳಿಯೇಬಿಡೋಣ ಅಂತ. ಗೇಟಿನಲ್ಲಿ ಮೇಡಂ "ಹುಡುಗಿಗೆ ನೀವೇನಾಗಬೇಕು?" ಅಂದರು. "ಅವರ ಊರೋರು" ಅಂದೆ. ಊರವರನ್ನು ಬಿಡುವುದಿಲ್ಲವಂತೆ. ಬುಟ್ಟಿ ಎತ್ತಿಕೊಂಡು ವಾಪಸು ಬಂದೆ. ಆಮೇಲೆ ನಿಮ್ಮಪ್ಪ "ಟೆಸ್ಟ್ ಮುಗೀಲಿ, ಈಗ ಬ್ಯಾಡ" ಅಂದರು. ನಾನೂ ಹೂಂ ಅಂದೆ, ಹೆದರಿಕೆಯಾಗಿತ್ತು.

ನಿನ್ನ ಸೋದರತ್ತೆ ಆ ಮಾತು ಅಂದಾಗ ನಾನು ಪಕ್ಕದ ಕೋಣೆಯಲ್ಲಿ ಸೀರೆ ಉಡುತ್ತಿದ್ದೆ. ಕೇಳಿಸಿತ್ತು. ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಈ ಮಾತು ಸುಳ್ಳು ಮಾಡಬೇಕು ಅಂತ. ನೋಡು, ಬೇಡ ಬೇಡ ಅಂದರೂ ಸುಣ್ಣವೇ ನನ್ನ ಕೈಗೆ ಬಂತು. ಮೆತ್ತಗಿದ್ದಾಗಲೇ ನಿಂತು ಕೇಳಬೇಕಿತ್ತು. ತಪ್ಪು ನನ್ನದೇ. ಬೇಕಂತ ಮಾಡಿದ್ದಲ್ಲ, ಅಷ್ಟು ನಂಬು.

ಸ್ನೇಹಾಳನ್ನು ನಾನು ಬೈದಿಲ್ಲ.

ಹಾಲಮ್ಮ

*

ದಾವಣಗೆರೆ
10 ಆಗಸ್ಟ್ 2025

ಚಿಗವ್ವನಿಗೆ,

ಸುಣ್ಣ ಅಂತ ಬರೆದವಳು ನಾನು.

ಅದು ಕ್ಯಾಲ್ಸಿಯಂ ಪುಡಿ. ಅಜ್ಜಿ ಒಮ್ಮೆ "ಅದೇನೇ ಬಿಳೇದು" ಅಂದಾಗ "ಸುಣ್ಣದ ಅಂಶ ಅಜ್ಜಿ" ಅಂದಿದ್ದೆ. ಅವತ್ತಿನಿಂದ ಅದು ನನ್ನ ಬಾಯಲ್ಲಿ ಸುಣ್ಣವೇ ಆಗಿಹೋಯಿತು. ಹೊಸ ಡಬ್ಬಿಯನ್ನು ಇರುವೆ ಮುತ್ತದಿರಲಿ ಅಂತ ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆ ಕೆಳಗೆ ಇಟ್ಟಿದ್ದೆ, ಅಜ್ಜಿಗೂ ಹೇಳಿರಲಿಲ್ಲ. "ಸುಣ್ಣದ ಡಬ್ಬಿ ಅಜ್ಜಿ ಹತ್ತಿರ ಇದೆ" ಅಂದರೆ ಹರಿಹರದಲ್ಲಿ ಯಾರು ತಾನೇ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ? ನೀವು ನನ್ನ ಕಾಗದದಲ್ಲಿದ್ದದ್ದನ್ನೇ ಮಾಡಿದಿರಿ. ಆದರೂ ತಪ್ಪು ನಿಮ್ಮದೇ ಅಂತ ಬರೆದಿದ್ದೀರಿ, ನನ್ನ ಕಾಗದದ ಮಾತೇ ಎತ್ತಿಲ್ಲ. ಅದನ್ನು ಓದಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾನು ಬರೆದ ಮಾತಿಗೆ ನನಗೇ ನಾಚಿಕೆಯಾಗಿದೆ. ಕ್ಷಮಿಸಿ. ನಂಬುತ್ತೇನೆ. ಪಟೇಲನ ನಾಲಿಗೆ ಹೊರಡದಿದ್ದರೂ ನಂಬುತ್ತೇನೆ.

ನಾನು ಎರಡನೇ ಮಹಡಿಯಲ್ಲಿ ಕೂತು ಕೆಮಿಸ್ಟ್ರಿ ಓದುತ್ತಿದ್ದಾಗ ನೀವು ಕೆಳಗೆ ಗೇಟಿನಲ್ಲಿ ನಿಂತಿದ್ದಿರಿ. ಅದೇ ಕಣ್ಣ ಮುಂದೆ ಬರುತ್ತಿದೆ.

ತನು

*

ಹರಿಹರ
25 ಆಗಸ್ಟ್ 2025

ಚಿ. ತನುಗೆ,

ನಿನ್ನ ಕಾಗದದ ಮೊದಲ ಸಾಲಿನ "ಚಿಗವ್ವ" ಹತ್ತಿರವೇ ನಿಂತುಬಿಟ್ಟೆ. ಸಾರು ಉಕ್ಕಿ ಒಲೆಯೆಲ್ಲಾ ಹಾಳಾಯಿತು. ಅತ್ತೆ "ಏನು ಬರೆದಾಳೆ?" ಅಂದರು. "ಏನಿಲ್ರಿ, ವಿಳಾಸ ಸರಿ ಮಾಡ್ಯಾಳೆ" ಅಂದೆ.

ನೀನು ಹೇಳಿದ ಡಬ್ಬಿ ಟ್ರಂಕಿನಲ್ಲಿ ಸಿಕ್ಕಿತು. ಅತ್ತೆಯವರ ಧಾರೆ ಸೀರೆಯೂ ಸಿಕ್ಕಿತು. ಅದರ ಕಥೆ ಕೇಳುತ್ತಾ ಒಂದು ಮಧ್ಯಾಹ್ನ ಹೋಯಿತು. ಪಾಪ, ಅವರು ತುಂಬಾ ನೊಂದುಕೊಂಡಿದ್ದರು. "ಇನ್ನು ಸುಣ್ಣ ಮುಟ್ಟಂಗಿಲ್ಲ" ಅಂತ ಶಪಥ ಮಾಡಿ ಬರಿ ಎಲೆ ಅಡಿಕೆ ಜಗಿದರು. ಮೂರು ದಿನ ನಡೆಯಿತು. ನಾಲ್ಕನೇ ದಿನ "ಬಾಯಿ ಕೆಂಪಾಗದಿದ್ರೆ ಎಲೆ ತಿಂದು ಏನು ಬಂತು" ಅಂತ ಶಪಥ ಮುರಿದರು. ಈಗ ಎರಡು ಡಬ್ಬಿಗೂ ಸ್ನೇಹಾ ಚೀಟಿ ಅಂಟಿಸಿದ್ದಾಳೆ. ಒಂದರ ಮೇಲೆ "ಅಜ್ಜಿ", ಒಂದರ ಮೇಲೆ "ಪಟೇಲ".

ಇನ್ನು ನೀನು ಕಾಯುತ್ತಿರುವ ಸುದ್ದಿ.

ಹೋದ ವಾರವೇ ಕಣ್ಣು ಬಿಟ್ಟಿದ್ದರು, ಆದರೆ ಹುಳ ತೋರಿಸಿದರೆ ಮುಖ ತಿರುಗಿಸುತ್ತಿದ್ದರು. ನನ್ನ ಕೈ ಕಂಡರಂತೂ ಮತ್ತೆ ಕಪ್ಪು. ಇರಲಿ, ಮೊದಲಿನಿಂದ ಶುರು ಮಾಡೋಣ ಅಂತ ಗೂಡಿನ ಪಕ್ಕ ಕೂತು ಮತ್ತೆ ಕಾಳು ಸುಲಿದೆ. ದಿನಾ ಕಾಳಿನ ಸಾರೇ ಆಗಿ ನಿಮ್ಮಪ್ಪ "ಇವತ್ತೂ ಇದೇನಾ" ಅಂದರು. "ಪಟೇಲ್ರು ಅರಾಮ ಆಗೋತನಕ ಇದೇ" ಅಂದೆ. ಇನ್ನೊಂದು ಸೌಟು ಹಾಕಿಸಿಕೊಂಡು ಉಂಡರು.

ನಿನ್ನೆ ಬೆಳಿಗ್ಗೆ ಟೊಂಗೆ ಮೇಲೆ ಒಂದು ಹುಳ ಬಿಟ್ಟು, ನಾನು ಒಂದು ಕಡೆ, ಸ್ನೇಹಾ ಒಂದು ಕಡೆ ಕೂತಿದ್ದೆವು. ಒಂದು ಕಣ್ಣು ಅವಳ ಮೇಲೆ, ಒಂದು ನನ್ನ ಮೇಲೆ. ಅತ್ತೆಯವರು ಪೂಜೆ ಅರ್ಧಕ್ಕೆ ಬಿಟ್ಟು ಬಾಗಿಲಲ್ಲಿ ನಿಂತಿದ್ದರು. ನಿಮ್ಮಪ್ಪ ಮಂಚದ ಮೇಲಿಂದಲೇ ನೋಡುತ್ತಿದ್ದರು. ಆಮೇಲೆ ಎರಡೂ ಕಣ್ಣು ಮೆಲ್ಲಗೆ ತಿರುಗಿ ಹುಳದ ಮೇಲೆ ಬಂದವು. ನಾಲಿಗೆ ಹೊರಟಿತು, ಗುರಿ ತಪ್ಪಿತು. ಹುಳ ಒಂದು ಗೇಣು ಪಕ್ಕಕ್ಕೆ ಹಾರಿತು. ಅಯ್ಯೋ ಅಂದೆ. ಪಟೇಲ್ರು ಅವಸರ ಮಾಡಲಿಲ್ಲ. ಒಂದು ಹೆಜ್ಜೆ ಇಟ್ಟು, ಮತ್ತೆ ಎರಡೂ ಕಣ್ಣು ಸೇರಿಸಿ, ಇನ್ನೊಂದು ಸಲ ಬಿಟ್ಟರು. ಕರುಂ ಅಂತ ಅಗಿದ ಸದ್ದು ಬಾಗಿಲವರೆಗೂ ಕೇಳಿತು. ಅತ್ತೆಯವರು "ಉಂಡ್ಯಾ ನನ್ನಪ್ಪಾ" ಅಂದರು. ಹುಳ ತಿಂದಿದ್ದಕ್ಕೆ ನಮ್ಮ ಮನೆಯಲ್ಲಿ ಕೈ ಮುಗಿದದ್ದು ಇದೇ ಮೊದಲು. ನಾನಂತೂ ಅತ್ತುಬಿಟ್ಟೆ, ಸ್ನೇಹಾ ಕುಣಿದಳು.

ಡಾಕ್ಟರಿಗೆ ಫೋನ್ ಮಾಡಿದೆ. "ನಿಮ್ಮ ಪಟೇಲ್ರ ವಿಡಿಯೋ ಕಳಿಸ್ರಿ, ನನ್ನ ಗೆಳೆಯನಿಗೆ ತೋರಿಸ್ಬೇಕು" ಅಂದರು.

ಗಣಪತಿ ಹಬ್ಬಕ್ಕೆ ರಜೆ ಕೊಡುವುದಿಲ್ಲವಂತೆ. ಕಡುಬು ಕಳಿಸುತ್ತೇನೆ.

ಹಾಲಮ್ಮ

*

ದಾವಣಗೆರೆ
31 ಆಗಸ್ಟ್ 2025

ಚಿಗವ್ವನಿಗೆ,

ನಿಮ್ಮ ಕಾಗದವನ್ನು ರೂಮಿನವರಿಗೆಲ್ಲಾ ಓದಿ ಹೇಳಿದೆ. "ಗುರಿ ತಪ್ಪಿತು" ಅಂದಾಗ ಎಲ್ಲರೂ ಅಯ್ಯೋ ಅಂದರು. ಕ್ಲಾಸಿನಲ್ಲಿ ಹೇಳಿದ್ದಕ್ಕೆ ಫಿಜಾ ಅಂತೂ ಪಟೇಲನನ್ನು ನೋಡಲು ನಮ್ಮ ಮನೆಗೆ ಬರುತ್ತಾಳಂತೆ. ಬಂದರೆ ಮೊಟ್ಟೆ ಟ್ರೇ ಮುಚ್ಚಿಡುವುದೇನೂ ಬೇಡ, ಅವರ ಮನೆಯಲ್ಲೂ ಇರುತ್ತದೆ.

ಅಪ್ಪನ ಕೈಲಿ ಒಂದು ಡಬ್ಬಿ ಕಳಿಸಿದ್ದೇನೆ. ಈ ಸಲ ಗೊಂದಲ ಆಗದ ಹಾಗೆ ಬಿಡಿಸಿ ಬರೆಯುತ್ತೇನೆ. ಇದು ಬೆಣ್ಣೆ. ದೋಸೆ ಹೋಟೆಲಿನವರ ಹತ್ತಿರ ಕೇಳಿ ತರಿಸಿದ್ದು. ಪಟೇಲನಿಗೆ ಒಂದು ಚೂರೂ ಕೊಡಬೇಡಿ. ಅರ್ಧ ಸ್ನೇಹಾಗೆ, ಅರ್ಧ ನಿಮಗೆ. ಅಜ್ಜಿಗೆ ಅವರ ಸುಣ್ಣ ಇದೆ.

ಬರುವ ಭಾನುವಾರ ಮನೆಯವರು ಬಂದು ಹೋಗುವ ದಿನ. ಅಪ್ಪ ಅಂಗಡಿಯಲ್ಲಿರಲಿ, ನೀವೇ ಬನ್ನಿ, ಸ್ನೇಹಾಳನ್ನೂ ಕರೆತನ್ನಿ. ಗೇಟಿನಲ್ಲಿ ನಿಖತ್ ಮೇಡಂ ಮತ್ತೆ ಅದನ್ನೇ ಕೇಳುತ್ತಾರೆ, ಹುಡುಗಿಗೆ ನೀವೇನಾಗಬೇಕು ಅಂತ. ಊರೋರು ಅನ್ನಬೇಡಿ. ನಾನು ಅವರಿಗೆ ಆಗಲೇ ಹೇಳಿಟ್ಟಿದ್ದೇನೆ, ನಮ್ಮವ್ವ ಬರ್ತಾರೆ ಅಂತ.

ತನು